ಗುಲಾಬಿಯ ಕೂದಲಿನ ಡ್ಯೂಟಿ

ಫೆಬ್ರವರಿ 11, ಮಂಗಳವಾರ

ಇವತ್ತು ಮಧ್ಯಾಹ್ನ ಗುಲಾಬಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆ. ಹೊರಡುವಾಗ ಫಿಸಿಯೋಥೆರಪಿಯ ಕ್ಷಮಾ ಎಂಬ ಹುಡುಗಿ, ಮಾತ್ರೆ ಕೊಟ್ಟ ಹೊತ್ತು, ವ್ಯಾಯಾಮ ಮಾಡಿಸಿದ ಹೊತ್ತು ಎಲ್ಲ ಬರೆದಿಡಿ ಎಂದಳು. ಗ್ಯಾಸ್ ಏಜೆನ್ಸಿಯವರು ಕೊಟ್ಟ ಡೈರಿ ಒಂದು ಖಾಲಿ ಬಿದ್ದಿತ್ತು. ಮಾತ್ರೆಗೆ ಕಾಲು ಪುಟ ಸಾಕು. ಉಳಿದ ಜಾಗ ಸುಮ್ಮನೆ ಬಿಡಲು ನನಗೆ ಮನಸ್ಸು ಬರುವುದಿಲ್ಲ. ಮುಂಬೈಯ ಘಾಟ್ಕೋಪರ್‌ನಲ್ಲಿ ಇಪ್ಪತ್ತಾರು ವರ್ಷ ಹೋಟೆಲ್ ನಡೆಸಿದವನು ನಾನು, ಕೊತ್ತಂಬರಿ ದಂಟನ್ನೂ ಎಸೆದವನಲ್ಲ. ಗುಲಾಬಿಗೆ ಕನ್ನಡಕ ಇಲ್ಲದೆ ಓದಲಾಗುವುದಿಲ್ಲ, ಅದನ್ನು ಹಾಕಿಕೊಳ್ಳುವವಳೂ ಅಲ್ಲ, ಹಾಗಾಗಿ ಇದರಲ್ಲಿ ಏನು ಬರೆದರೂ ಅಡ್ಡಿಯಿಲ್ಲ.

ವಿಷಯ ಇಷ್ಟು. ಒಂಬತ್ತು ದಿನದ ಹಿಂದೆ ಅವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದಳು. ಬಲ ಭುಜದ ಮೂಳೆ ಮೂರು ತುಂಡು. ಪ್ಲೇಟ್ ಹಾಕಿದ್ದಾರೆ. ಮೂರು ತಿಂಗಳು ಆ ಕೈಯಿಂದ ಏನೂ ಮಾಡುವಂತಿಲ್ಲ. ಅಡುಗೆಗೆ ನಾನಿದ್ದೇನೆ, ಬಟ್ಟೆಗೆ ಮೆಷಿನ್ ಇದೆ. ಒಂದೇ ತೊಂದರೆ ಕೂದಲು.

ಗುಲಾಬಿಯ ಕೂದಲು ಮೊಣಕಾಲು ಮುಟ್ಟುತ್ತದೆ. ಗುಲ್ವಾಡಿಯಲ್ಲಿ ಯಾರನ್ನಾದರೂ ನಮ್ಮ ಮನೆ ಕೇಳಿ, "ಉದ್ದ ಜಡಿ ಗುಲಾಬಕ್ಕನ ಮನಿಯಾ?" ಎನ್ನುತ್ತಾರೆ. ಭೋಜರಾಜ ಶೆಟ್ಟಿ ಎಂಬ ಹೆಸರು ಯಾರಿಗೂ ಬೇಕಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ಆ ಕೂದಲನ್ನೆಲ್ಲ ಸುತ್ತಿ ಗಂಟು ಹಾಕಿದ್ದಳು. ಅದರ ಮೇಲೆ ಒಂಬತ್ತು ದಿನ ಮಲಗಿ ಈಗ ತೆಂಗಿನ ನಾರಿನ ಮುದ್ದೆಯಾಗಿದೆ. ಬೆರಳು ಒಳಗೆ ಹೋಗುವುದಿಲ್ಲ.

"ಕತ್ತರ್ಸಿ ಬಿಡುವ ಹೆಣೆ," ಎಂದೆ. "ಐದ್ ನಿಮಿಷದ್ ಕೆಲ್ಸ. ಮತ್ತೆ ತಲಿಬಿಸಿ ಇಲ್ಲ."

"ಹ್ವಾಯ್, ಕತ್ರಿ ಹಿಡ್ಕಂಡ್ ಹತ್ರ ಬನ್ನಿ ಕಾಂಬ. ಕೈ ಮುರ್ದದ್ದ್ ಒಂದೆ. ಬಾಯಿ ಸಮಾ ಇತ್ತ್."

"ಕೂದ್ಲಲ್ದಾ? ಮತ್ತ್ ಬತ್ತ್."

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಹೆಂಗಸರ ಹಟ. ನಾಳೆ ಸರಿಯಾಗುತ್ತಾಳೆ.

ಫೆಬ್ರವರಿ 12, ಬುಧವಾರ

ಸರಿಯಾಗಲಿಲ್ಲ. ನಾನೇ ಬಾಚಲು ಕೂತೆ. ಎರಡು ಎಳೆತಕ್ಕೆ ಬಾಚಣಿಗೆಯ ನಾಲ್ಕು ಹಲ್ಲು ಮುರಿದವು, ಮೂರನೆಯ ಎಳೆತಕ್ಕೆ ಗುಲಾಬಿ ಚೀರಿದಳು. ಮೂಳೆ ಮುರಿದಾಗ ಒಂದು ಹನಿ ಕಣ್ಣೀರು ಹಾಕದವಳು ಬಾಚಣಿಗೆಗೆ ಅತ್ತಳು.

ಅದೇ ಹೊತ್ತಿಗೆ ಅವಳ ತಂಗಿ ಶ್ರೀಲತಾ ತೆಕ್ಕಟ್ಟೆಯಿಂದ ಬಂಗುಡೆ ಸಾರು ಹಿಡಿದುಕೊಂಡು ಬಂದಳು. ಶ್ರೀಲತಾ ಬಂದರೆ ಮನೆಯಲ್ಲಿ ಉಳಿದವರ ಬಾಯಿಗೆ ಬೀಗ. ಅಕ್ಕನ ತಲೆ ಒಮ್ಮೆ ಮುಟ್ಟಿ ನೋಡಿ ತೀರ್ಪು ಕೊಟ್ಟೇಬಿಟ್ಟಳು.

"ಭಾವ, ಇದ್ ಬಿಡ್ಸುಕೆ ಯಾರಿಂದ್ಲೂ ಆತಿಲ್ಲೆ. ಆಯ್ತವಾರ ಪಾರ್ಲರಿನ್ ಹುಡ್ಗಿನ ಕರ್ಕಂಡ್ ಬತ್ತೆ. ಕುತ್ಗಿ ಮಟ್ಟ ತೆಗ್ದ್ ಬಿಡುವ."

"ನಾ ಸತ್ತ್ ಮೇಲೆ ಕತ್ತರ್ಸಿ," ಎಂದಳು ಗುಲಾಬಿ. ಸಿಟ್ಟಿನಿಂದ ಹೇಳಲಿಲ್ಲ, ಯಾರ ಮುಖವನ್ನೂ ನೋಡದೆ ತಣ್ಣಗೆ ಹೇಳಿದಳು.

ನನಗೆ ಅದು ಸರಿ ಕಾಣಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಶಿವರಾತ್ರಿ ವರಿಗೆ ಬಿಡ್ ಶ್ರೀಲತಾ. ಅಷ್ಟ್ರೊಳಗೆ ನಾ ಬಿಡ್ಸುತ್ತೆ. ಆಗ್ಲಿಲ್ಲ ಅಂದ್ರೆ ಕತ್ರಿ. ಆತಾ ಗುಲಾಬಿ?"

ಗುಲಾಬಿ ನನ್ನನ್ನು ಸ್ವಲ್ಪ ಹೊತ್ತು ನೋಡಿ ಹೂಂ ಎಂದಳು. ಶ್ರೀಲತಾ ನಕ್ಕಳು. ಹದಿನಾಲ್ಕು ದಿನ ಇದೆ. ಅಡಿ ಹಿಡಿದ ಹಾಲಿನ ಪಾತ್ರೆಗಳನ್ನು ಫಳಫಳ ಮಾಡಿಸಿದವನಿಗೆ ಇದೇನು ಮಹಾ.

ಫೆಬ್ರವರಿ 13

ಮಗಳು ನಿಶ್ಮಿತಾ ಬ್ರಹ್ಮಾವರದಿಂದ ವೀಡಿಯೋ ಕಾಲ್ ಮಾಡಿದಳು. ಅಲ್ಲಿಗೇ ಮದುವೆ ಮಾಡಿ ಕೊಟ್ಟಿದ್ದೇವೆ, ಸಣ್ಣ ಮಗು ಇದೆ, ಬಂದು ಕೂರಲು ಆಗುವುದಿಲ್ಲ. ನನ್ನ ಸಾಹಸ ಕೇಳಿ ತಲೆ ಚಚ್ಚಿಕೊಂಡಳು.

"ಅಪ್ಪಯ್ಯ, ಮೇಲಿಂದ ಎಳುದಲ್ಲ. ತುದಿಯಿಂದ ಶುರು ಮಾಡಿ. ಮೊದ್ಲ್ ಎಣ್ಣಿ ಹಾಕಿ ಬೆರ್ಳಂಗೆ ಬಿಡ್ಸಿ. ಮತ್ ದಿನಾ ಅದೇ ಹೊತ್ತಿಗೆ ಮಾಡ್ಕ್. ನಿಮ್ಗೆ ಪುರ್ಸೊತ್ ಸಿಕ್ಕಿದಾಗ ಅಲ್ಲ."

ಅಪ್ಪನಿಗೇ ಪಾಠ. ಆದರೆ ದಿನಾ ಅದೇ ಹೊತ್ತಿಗೆ ಎಂಬ ಮಾತು ನನಗೆ ಅರ್ಥವಾಗುವ ಭಾಷೆ. ಒಂದು ಹಾಳೆಯಲ್ಲಿ ಡ್ಯೂಟಿ ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಬೆಳಿಗ್ಗೆ ಏಳಕ್ಕೆ ಒಂದು ಗಂಟೆ, ಸಂಜೆ ಐದಕ್ಕೆ ಒಂದು ಗಂಟೆ. ಕೆಳಗೆ ಬರೆದೆ: ಮ್ಯಾನೇಜರ್ ಭೋಜರಾಜ ಶೆಟ್ಟಿ, ಕೆಲಸದವನು ಭೋಜರಾಜ ಶೆಟ್ಟಿ.

"ಗಿರಾಕಿ ಯಾರ್?" ಎಂದು ಕೇಳಿದಳು ಗುಲಾಬಿ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಇದೇ ಮೊದಲು.

ಫೆಬ್ರವರಿ 17

ತುದಿಯಿಂದ ಒಂದು ಗೇಣು ಬಿಡಿಸಿಯಾಯಿತು. ಬೆರಳ ತುದಿಗಳಲ್ಲಿ ಎಣ್ಣೆ ವಾಸನೆ ಹೋಗುವುದೇ ಇಲ್ಲ, ಅನ್ನ ಉಣ್ಣುವಾಗಲೂ ಅದೇ. ಸೊಂಟ ಹಿಡಿಯಿತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾನು ಹಿಂದೆ ಸ್ಟೂಲ್ ಹಾಕಿ ಕೂತರೆ ಸರಿಯಾಗುತ್ತದೆ ಎಂದು ಕಂಡುಕೊಂಡೆ. ಕೂದಲನ್ನು ಕ್ಲಿಪ್ಪು ಹಾಕಿ ಹದಿನೈದು ಪಾಲು ಮಾಡಿದ್ದೇನೆ. ಒಂದು ಮುಗಿಯದೆ ಇನ್ನೊಂದನ್ನು ಮುಟ್ಟುವಂತಿಲ್ಲ.

ಫೆಬ್ರವರಿ 20

ಎಂಟು ಪಾಲು. ಮಾತ್ರೆ ಕೊಟ್ಟೆ. ವ್ಯಾಯಾಮ ಮಾಡಿಸಿದೆ.

ಫೆಬ್ರವರಿ 25, ಮಂಗಳವಾರ

ನಾಳೆ ಶಿವರಾತ್ರಿ. ಬೆಳಿಗ್ಗೆ ನೋಡಿದರೆ ಕಿವಿಯ ಹಿಂದೆ ಎರಡು ಪಾಲು ಹಾಗೇ ಇತ್ತು. ಮಧ್ಯಾಹ್ನ ಗಂಜಿ ಮಾಡಿ ಮುಗಿಸಿ ಎರಡು ಗಂಟೆಗೆ ಕೂತೆ, ಮೇಲೆ ಎದ್ದದ್ದು ಐದೂವರೆಗೆ. ಕೊನೆಯ ಗಂಟು ಬಿಟ್ಟಾಗ ಕೂದಲು ತಾನಾಗಿ ಜಾರಿ ಕುರ್ಚಿಯ ಹಿಂದೆ ಇಳಿದು ನೆಲ ಮುಟ್ಟಿತು. ನಾನು ಸ್ಟೂಲನ್ನು ಹಿಂದಕ್ಕೆ ಸರಿಸಿ ನೋಡಿದೆ.

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ವರ್ಷಕ್ಕೆ ಇಪ್ಪತ್ತು ದಿನದ ರಜೆಯಲ್ಲಿ ಬರುತ್ತಿದ್ದೆ, ಅದರಲ್ಲಿ ಹತ್ತು ದಿನ ಮದುವೆ, ಮುಂಜಿ, ಕೋರ್ಟು. ಹೋಟೆಲನ್ನು ತಮ್ಮನಿಗೆ ಬಿಟ್ಟು ಊರಿಗೆ ಬಂದೂ ಎರಡು ವರ್ಷವಾಯಿತು. ಈ ಕೂದಲನ್ನು ಹೀಗೆ ಬಿಚ್ಚಿ ಹರಡಿದ್ದನ್ನು ನಾನು ನೋಡಿದ ನೆನಪಿಲ್ಲ.

"ಆಯ್ತಾ?" ಎಂದಳು.

"ಆಯ್ತ್."

ಎಡಗೈ ಹಿಂದೆ ತಂದು ನೆತ್ತಿಯಿಂದ ಕೆಳಗೆ ಎಷ್ಟು ದೂರ ಸಿಗುತ್ತದೋ ಅಷ್ಟು ಸವರಿಕೊಂಡಳು. ನಾನು ಶ್ರೀಲತಾಳಿಗೆ ಫೋನ್ ಮಾಡಿ, ನಿನ್ನ ಪಾರ್ಲರಿನ ಹುಡುಗಿಗೆ ಬೇರೆ ತಲೆ ಹುಡುಕು ಎಂದೆ.

ಮಾರ್ಚ್ 3

ಬಿಡಿಸಿದ್ದು ದೊಡ್ಡದಲ್ಲ, ಬಿಡಿಸಿದ್ದನ್ನು ಹಾಗೇ ಉಳಿಸಿಕೊಳ್ಳುವುದು ದೊಡ್ಡದು ಎಂದು ಈಗ ಗೊತ್ತಾಗುತ್ತಿದೆ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಸಿಕ್ಕು. ಚಾರ್ಟ್ ಬದಲಾಯಿಸಿದೆ. ಬೆಳಿಗ್ಗೆ ಜಡೆ ಬಿಚ್ಚಿ ಬೆರಳಾಡಿಸಿ ಸಡಿಲವಾಗಿ ಸೂಡಿ, ಅಂದರೆ ತುರುಬು, ಕಟ್ಟುವುದು. ಸಂಜೆ ಐದಕ್ಕೆ ತುದಿಗೆ ಎಣ್ಣೆ, ಅಗಲ ಹಲ್ಲಿನ ಬಾಚಣಿಗೆ, ಆಮೇಲೆ ಜಡೆ. ಶುಕ್ರವಾರ ತಲೆಸ್ನಾನ. ಒದ್ದೆ ಕೂದಲಿಗೆ ಬಾಚಣಿಗೆ ಮುಟ್ಟಿಸುವಂತಿಲ್ಲ, ಹಳೆ ಬೈರಾಸಿನಲ್ಲಿ ಒತ್ತಿ ನೀರು ತೆಗೆಯಬೇಕು, ತಿಕ್ಕಬಾರದು.

ಜಡೆ ನೇಯುವುದು ಸುಲಭ ಎಂದುಕೊಂಡಿದ್ದೆ. ಮೊದಲನೆಯದು ಎಡಕ್ಕೆ ವಾಲಿತು. ಎರಡನೆಯದು ನಡುವೆ ಉಬ್ಬಿತು. ಅವಳು ಮಲಗಿದ ಮೇಲೆ ಬಾವಿಯ ಹಳೇ ಹಗ್ಗ ಬಿಚ್ಚಿ ಮೂರು ಎಳೆ ಮಾಡಿ ಕುರ್ಚಿಗೆ ಕಟ್ಟಿ ಅಭ್ಯಾಸ ಮಾಡಿದೆ. ಯಾರಾದರೂ ನೋಡಿದ್ದರೆ ಶೆಟ್ಟರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಮಾರ್ಚ್ 14, ಶುಕ್ರವಾರ

ಇವತ್ತು ಮಾಡಿದ ತಪ್ಪನ್ನು ಈ ಊರಿನ ಏಳು ವರ್ಷದ ಹುಡುಗಿಯೂ ಮಾಡುವುದಿಲ್ಲ.

ನಮ್ಮ ಬಾವಿ ಹೊಳೆಯಿಂದ ಐವತ್ತು ಹೆಜ್ಜೆ. ಬೇಸಿಗೆಯಲ್ಲಿ ಹೊಳೆಗೆ ಸಮುದ್ರದ ನೀರು ಏರುತ್ತದೆ, ಬಾವಿಗೂ ಉಪ್ಪು ಹತ್ತುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಭರತದಲ್ಲಿ ಇನ್ನೂ ಹೆಚ್ಚು. ಹಾಗಾಗಿ ಇಲ್ಲಿಯವರು ಮಾರ್ಚ್ ಬಂತೆಂದರೆ ಸೇದಿದ ನೀರನ್ನು ಮೊದಲು ನಾಲಿಗೆಗೆ ಇಟ್ಟು ನೋಡುತ್ತಾರೆ. ನಾನು ಇಲ್ಲೇ ಹುಟ್ಟಿದವನು. ಆದರೆ ಇಪ್ಪತ್ತಾರು ವರ್ಷ ಮುನಿಸಿಪಾಲಿಟಿಯ ನಲ್ಲಿ ತಿರುಗಿಸಿದ ಕೈ. ಇವತ್ತು ಹುಣ್ಣಿಮೆ ಎಂಬುದೂ ತಲೆಗೆ ಹೋಗಲಿಲ್ಲ. ಹಂಡೆ ತುಂಬ ಸೇದಿ ಕಾಯಿಸಿದೆ, ಸೀಗೆಪುಡಿ ಕಲಸಿ ತಲೆಗೆಲ್ಲ ಹಚ್ಚಿದೆ, ನೀರು ಹೊಯ್ದೆ. ಹನಿ ತುಟಿಗೆ ಬಂದಾಗ ಗುಲಾಬಿ ಕಣ್ಣು ಮುಚ್ಚಿಕೊಂಡೇ ಕೂಗಿದಳು, "ಹ್ವಾಯ್! ಉಪ್ಪ್!"

ಅಷ್ಟರಲ್ಲಿ ಅರ್ಧ ಹಂಡೆ ಮುಗಿದಿತ್ತು. ಸೀಗೆ ಕೂದಲಿಗೆ ಕಚ್ಚಿಕೊಂಡು ಬಿಡಲೇ ಇಲ್ಲ. ಒಣಗಿದ ಮೇಲೆ ಇಡೀ ಕೂದಲು ಗರಟೆಯ ಮೇಲಿನ ಜುಂಗಿನ ಹಾಗೆ ನಿಂತಿತು. ಹದಿನಾಲ್ಕು ದಿನ ಬಿಡಿಸಿದ್ದೆಲ್ಲ ಒಂದು ಗಂಟೆಯಲ್ಲಿ ಹೋಯಿತು ಅನಿಸಿ ನನಗೆ ಅಳು ಬಂತು. ಬರೆದೇಬಿಡುತ್ತೇನೆ, ಬಂತು. ಬಚ್ಚಲಿನ ಬಾಗಿಲು ಹಾಕಿಕೊಂಡು ಮುಖ ತೊಳೆದೆ, ಆ ನೀರೂ ಉಪ್ಪು.

ಗುಲಾಬಿಯೇ ಹೇಳಿದಳು, "ಬೆಳ್ಳಿ ಹತ್ರ ಹೋಯ್ನಿ. ಅವ್ಳ ಬಾವಿಗೆ ಉಪ್ಪ್ ಹತ್ತುದಿಲ್ಲ."

ಬೆಳ್ಳಿಯ ಮನೆ ಮೇಲೆ ಗುಡ್ಡೆಯ ಬದಿಯಲ್ಲಿದೆ. ಎಪ್ಪತ್ತು ದಾಟಿದ ಹೆಂಗಸು. ನನ್ನ ಕತೆ ಕೇಳಿ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಶೆಟ್ರೆ, ನಾಲ್ಗಿಗೆ ಇಟ್ಟ್ ಕಾಂಬುದಲ್ದಾ? ಬೊಂಬಾಯಂಗೆ ನಾಲ್ಗಿ ಬಿಟ್ಟ್ ಬಂದ್ರಿಯಾ?"

ಅವಳ ಬಾವಿಯಲ್ಲೂ ನೀರು ಕಡಿಮೆ. ಆ ಬದಿಯ ನಾಲ್ಕು ಮನೆಯವರು ಕುಡಿಯಲು ಅಲ್ಲಿಂದಲೇ ಒಯ್ಯುತ್ತಾರೆ. ಕೊಡ ಹಿಡಿದು ಬಂದ ಒಬ್ಬಳು, "ಕುಡುಕೆ ನೀರಿಲ್ಲ, ಇವ್ರಿಗೆ ಜಡಿ ತೊಳುಕೆ ಬೇಕಂಬ್ರ್," ಎಂದು ನನಗೆ ಕೇಳಿಸುವ ಹಾಗೆ ಗೊಣಗಿದಳು. ತಪ್ಪಿಲ್ಲ, ಅವಳ ಜಾಗದಲ್ಲಿ ನಾನಿದ್ದರೂ ಗೊಣಗುತ್ತಿದ್ದೆ. ಬೆಳ್ಳಿ ಅವಳಿಗೇನೂ ಹೇಳದೆ ನನಗೆ ಹೇಳಿದಳು, "ಶುಕ್ರವಾರ ಬೆಳಿಗ್ಗಿ ಯಾರೂ ಬಪ್ಪುಕ್ ಮುಂಚೆ ಬನ್ನಿ. ಮೂರ್ ಕೊಡ, ಹೆಚ್ಚ್ ಕೇಂಬುಕಾಗ. ಸೀಗಿಗೆ ನೀರ್ ಸುಮಾರ್ ಬೇಕ್, ಅದ್ ಬಿಡಿ. ದಾಸಾಳದ್ ಗೊಂಪ್ ಮಾಡಿ."

ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿದರೆ ಬರುವ ಲೋಳೆಗೆ ಗೊಂಪು ಎನ್ನುತ್ತಾರೆ. ಅಮ್ಮ ಚಿಕ್ಕಂದಿನಲ್ಲಿ ನನ್ನ ತಲೆಗೂ ಹಚ್ಚಿದ್ದಳು, ಮರೆತೇಹೋಗಿತ್ತು. ಇವತ್ತಿನ ಪಾಲು ಮೂರು ಕೊಡ ಹೊತ್ತು ತಂದೆ. ನಿಧಾನವಾಗಿ ಗೊಂಪು ಹಚ್ಚಿ, ಚೊಂಬು ಚೊಂಬು ಹೊಯ್ದು, ಸಂಜೆಯ ಹೊತ್ತಿಗೆ ಕೂದಲು ಮತ್ತೆ ಕೂದಲಿನ ಹಾಗಾಯಿತು.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಐದೂಮುಕ್ಕಾಲಿಗೆ ಬೆಳ್ಳಿಯ ಬಾವಿ. ಮೂರು ಕೊಡ ಸಾಕಾಯಿತು, ಕಾಲು ಕೊಡ ಉಳಿಯಿತು ಕೂಡ. ಉಳಿದದ್ದನ್ನು ದಾಸವಾಳದ ಗಿಡಕ್ಕೆ ಹಾಕಿದೆ. ಎಲೆ ಎಲ್ಲ ಕಿತ್ತು ಗಿಡ ಬೋಳಾಗಿದೆ. ಇನ್ನು ಮೇಲೆ ಒಂದು ವಾರ ಈ ಗಿಡ, ಒಂದು ವಾರ ಶಾಲೆಯ ಹತ್ತಿರದ್ದು.

ಎಪ್ರಿಲ್ 4

ಗುಲಾಬಿಯ ಕೈಗೆ ಆಸರೆಯಾಗಿ ಕೊರಳಿಗೆ ಕಟ್ಟಿದ್ದ ಪಟ್ಟಿ ತೆಗೆದರು. ಕೈ ಸೊಂಟದಿಂದ ಒಂದು ಗೇಣು ಮೇಲೆ ಏಳುತ್ತದೆ.

ಅವಳ ನೆತ್ತಿಯ ಬಲಗಡೆ ಒಂದು ಸುಳಿ ಇದೆ. ಅಲ್ಲಿ ಬೈತಲೆ ತೆಗೆದರೆ ಕೂದಲು ತಾನಾಗಿ ಎರಡು ಕಡೆ ಬೀಳುತ್ತದೆ, ನೇರ ತೆಗೆದರೆ ಬಲದ್ದು ಮತ್ತೆ ಎದ್ದು ನಿಲ್ಲುತ್ತದೆ. ಎಡ ಕಿವಿಯ ಹಿಂದೆ ನರೆ ಜಾಸ್ತಿ. ಆ ಜಾಗದ ಕೂದಲು ಒರಟು, ಎಣ್ಣೆ ಒಂದು ಹನಿ ಹೆಚ್ಚು ಬೇಕು. ಇಂಥದ್ದೆಲ್ಲ ಯಾವ ವೀಡಿಯೋದಲ್ಲೂ ಹೇಳುವುದಿಲ್ಲ.

ಎಪ್ರಿಲ್ 9

ಕುಂದಾಪುರದಿಂದ ಗೆಳೆಯರು ಫೋನ್ ಮಾಡಿದ್ದರು. ಸಂಘದ ಮೀಟಿಂಗ್, ಸಂಜೆ ಐದಕ್ಕೆ, ನನ್ನನ್ನು ಖಜಾಂಚಿ ಮಾಡಬೇಕಂತೆ. ಐದಕ್ಕೆ ಆಗುವುದಿಲ್ಲ ಎಂದೆ. ಯಾಕೆ ಎಂದರು. ಕೆಲಸ ಇದೆ ಎಂದೆ.

ಎಪ್ರಿಲ್ 18

ಇವತ್ತು ಬಾಚುವಾಗ ಸುಮ್ಮನೆ ಕೇಳಿದೆ, ಇಷ್ಟುದ್ದ ಯಾಕೆ ಬಿಟ್ಟೆ, ಯಾರಿಗಾದರೂ ಹರಕೆಯಾ ಎಂದು.

ಅವಳು ಹೇಳಿದಳು. "ನಿಮ್ಮ ಅಮ್ಮ ಇದ್ದಾಗ ಕೂದ್ಲ್ ಬಿಚ್ಕಂಡ್ ಅಡ್ಗಿಮನಿ ಹೊಕ್ಕುಕಾಗ ಅಂತ ಇತ್ತಲ್ದಾ?"

ಇತ್ತು. ಅನ್ನಕ್ಕೆ ಕೂದಲು ಬೀಳುತ್ತದೆ ಎಂದು ಅಮ್ಮನ ಕಟ್ಟುನಿಟ್ಟು. ಹೋಟೆಲಿನಲ್ಲಿ ನಾನೂ ಅದನ್ನೇ ಪಾಲಿಸುತ್ತಿದ್ದೆ.

"ಬೆಳಿಗ್ಗಿ ನಾಲ್ಕಕ್ಕೆ ಎದ್ರೆ ಹತ್ತ್ ಜನರ ಅಡ್ಗಿ, ದನ, ನಿಮ್ಮ ತಂಗಿಯರ ಮಕ್ಳ್. ಯಾರಾದ್ರೂ ಗುಲಾಬಿ ಅಂಬುದೆ. ಸಂಜಿ ಕೂದ್ಲ್ ಬಿಚ್ಚಿ ಜಗ್ಲಿಯಂಗೆ ಕೂತ್ರೆ ಮಾತ್ರ ಯಾರೂ ಕರೀತಿರ್ಲಿಲ್ಲ. ಆ ಅರ್ಧ ಗಂಟಿ ನಂದ್. ಉದ್ದ ಇದ್ದಷ್ಟೂ ಬಾಚುಕೆ ಹೊತ್ತ್ ಜಾಸ್ತಿ ಬೇಕಲ್ದಾ? ಹಾಂಗ್ ಬಿಟ್ಟೆ."

ಅವಳು ನಗುತ್ತಲೇ ಹೇಳಿದ್ದು. ನನಗೆ ನಗು ಬರಲಿಲ್ಲ. ಅಮ್ಮನ ಆ ತುಂಬು ಮನೆಯಲ್ಲಿ ಅವಳು ಹದಿನೆಂಟು ವರ್ಷ ಇದ್ದಳು. ಪ್ರತಿ ತಿಂಗಳು ದುಡ್ಡು ಕಳಿಸುತ್ತಿದ್ದೆ, ಯಾರಿಗೂ ಏನೂ ಕಡಿಮೆಯಾಗಿಲ್ಲ ಎಂದೇ ತಿಳಿದಿದ್ದೆ. ಬಹಳ ಬೇಸರವಾಯಿತು. ಜಡೆಯನ್ನು ಎರಡು ಸಲ ಬಿಚ್ಚಿ ಮತ್ತೆ ನೇಯ್ದೆ.

ಎಪ್ರಿಲ್ 27, ಭಾನುವಾರ

ಬ್ರಹ್ಮಾವರದಲ್ಲಿ ನಿಶ್ಮಿತಾಳ ಗಂಡನ ತಮ್ಮನ ಮದುವೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಜಡೆ ಹಾಕಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಸಮ. ಮಲ್ಲಿಗೆ ಮುಡಿಸಿದೆ, ಪಿನ್ನು ಕಾಣದ ಹಾಗೆ.

ಊಟದ ಪಂಕ್ತಿಯಲ್ಲಿ ಹೆಂಗಸರು ಗುಲಾಬಿಯನ್ನು ಸುತ್ತುವರಿದಿದ್ದರು. ಕೈ ಆಗದವಳಿಗೆ ಇಷ್ಟು ಚಂದ ಜಡೆ ಹಾಕಿದವರು ಯಾರು ಎಂದು ಕೇಳುತ್ತಿದ್ದರು. "ನಮ್ಮನಿಯವ್ರ್," ಎಂದಳು. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಐಸ್‌ಕ್ರೀಮ್ ತರುವ ನೆಪದಲ್ಲಿ ಎದ್ದು ಹೋದೆ. ನಾಚಿಕೆಯಾಯಿತು. ಅಲ್ಲಿಂದ ಎರಡು ಸಲ ತಿರುಗಿ ನೋಡಿದೆ, ಜಡೆ ಒಂದು ಎಳೆಯೂ ಕದಲಿರಲಿಲ್ಲ.

ಮೇ 6, ಮಂಗಳವಾರ

ಆಸ್ಪತ್ರೆಗೆ ಹೋಗಿದ್ದೆವು. ಕ್ಷಮಾ ಕೈ ಎತ್ತಿಸಿ ನೋಡಿದಳು. ಭುಜದ ಮಟ್ಟಕ್ಕೆ ಬಂತು, ಅಲ್ಲಿಗೆ ನಿಂತಿತು. ಎಕ್ಸ್‌ರೇ ನೋಡಿ ಡಾಕ್ಟರೂ ಅದನ್ನೇ ಹೇಳಿದರು. ಇನ್ನು ಇದಕ್ಕಿಂತ ಹೆಚ್ಚು ಮೇಲೆ ಹೋಗುವುದು ಕಷ್ಟ, ಮನೆಗೆಲಸಕ್ಕೆಲ್ಲ ತೊಂದರೆಯಿಲ್ಲ, ತಲೆಯ ಮೇಲಿನ ಕೆಲಸ ಮಾತ್ರ ಆಗಲಿಕ್ಕಿಲ್ಲ.

ಗುಲಾಬಿ ತಲೆ ತಗ್ಗಿಸಿ ಕೇಳಿದಳು. ನನಗೆ ಸಂಕಟವಾಯಿತು.

ಅದರ ಜೊತೆಗೆ ಇನ್ನೊಂದು ಆಯಿತು, ಅದನ್ನೂ ಬರೆಯಬೇಕು. ತಲೆಯ ಮೇಲಿನ ಕೆಲಸ ಎಂದ ಕೂಡಲೇ ನನಗೆ ಒಳಗೆ ಹಗುರವಾಯಿತು. ಐದು ಗಂಟೆಯ ಡ್ಯೂಟಿ ಎಲ್ಲಿಗೂ ಹೋಗುವುದಿಲ್ಲ ಎಂದು. ಹೆಂಡತಿಯ ಕೈ ಸರಿಯಾಗದಿದ್ದುದಕ್ಕೆ ಹಗುರವಾಗುವ ಗಂಡ ಎಂಥವನು? ಬಸ್ಸಿನಲ್ಲಿ ದಾರಿಯಿಡೀ ಅವಳ ಮುಖ ನೋಡಲಿಲ್ಲ. ಮನೆಗೆ ಬಂದು ಎಣ್ಣೆ ಬಿಸಿ ಮಾಡಿದೆ.

ಮೇ 11, ಭಾನುವಾರ

ಬಾಚಿ ಮುಗಿಯಿತು. ಗುಲಾಬಿ ಏಳಲಿಲ್ಲ. ಎದುರಿಗಿದ್ದ ಹೊಳೆ ನೋಡುತ್ತಾ ಹೇಳಿದಳು, "ಹ್ವಾಯ್, ಭುಜದ ಮಟ್ಟಕ್ಕೆ ಕತ್ತರ್ಸುವ."

ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ.

"ಅಲ್ಲಿವರಿಗೆ ನನ್ನ ಕೈ ಹೋತ್ತ್. ನಾನೇ ಬಾಚ್ಕಂಬ್ಲಕ್ಕ್."

"ನಾ ಇಲ್ಯಾ? ನಾ ಬಾಚ್ತಿಲ್ಯಾ? ಒಂದ್ ದಿನ ತಪ್ಪಿತಾ?"

"ತಪ್ಪಲಿಲ್ಲ."

"ಸಿಕ್ಕ್ ಕಟ್ಟಿತಾ? ಉದುರಿತಾ? ಯಾರಾದ್ರೂ ಎಂತಾರೂ ಅಂದ್ರಾ?"

"ಇಲ್ಲ ಮಾರಾಯ್ರೆ. ನೀವ್ ಮಾಡಿದ್ದ್ ನಾ ಮಾಡಿದ್ದಕ್ಕಿಂತ ಚಂದ ಇತ್ತ್."

"ಮತ್ತೆಂತಕೆ?" ನನ್ನ ಧ್ವನಿ ಜೋರಾಯಿತು, ಹೋಟೆಲಿನ ಧ್ವನಿ. ಬೆಳ್ಳಿಯ ಮನೆಯವರೆಗೂ ಕೇಳಿರಬೇಕು. "ಅವತ್ತ್ ಸತ್ತ್ ಮೇಲೆ ಕತ್ತರ್ಸಿ ಅಂದವ್ಳ್ ನೀನೆ!"

ಅವಳು ನನ್ನ ಕೂಗು ಮುಗಿಯುವವರೆಗೆ ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು. "ಅವತ್ತ್ ನೀವೆಲ್ಲ ಸೇರಿ ಕತ್ತರ್ಸುಕೆ ಹೊರಟದ್ದ್. ಇವತ್ತ್ ನಾ ಹೇಳ್ತಾ ಇಪ್ಪುದ್. ಮೂರ್ ತಿಂಗ್ಳಾಯ್ತ್, ಐದ್ ಗಂಟಿಗೆ ನೀವ್ ಕರೀತ್ರಿ, ನಾ ಬಂದ್ ಕೂಕಂತೆ. ನೀವ್ ಏಳ್ ಅಂದ್ರೆ ಏಳ್ತೆ. ನೀವ್ ಪ್ರೀತಿಯಂಗೆ ಮಾಡ್ತ್ರಿ, ನಂಗೊತ್ತಿತ್ತ್. ಆದ್ರೆ ನನ್ನ ಅರ್ಧ ಗಂಟಿ ನಿಮ್ದಾಯ್ತ್."

"ಗಿಡ್ಡ ಆದ್ರೆ ಅರ್ಧ ಗಂಟಿ ಎಲ್ಲಿ ಬತ್ತ್?"

"ಈಗ ಹೊತ್ತ್ ಕದಿಯುಕೆ ಇಲ್ಲ ಅಲ್ದಾ? ಬಾಚಿ ಆದ್ ಮೇಲೂ ಸುಮ್ನೆ ಕೂಕಂಬ್ಲಕ್ಕ್. ಯಾರ್ ಕರೀತ್ರ್?"

ನಾನು ಎದ್ದು ಹೊಳೆಯ ಬದಿಗೆ ಹೋದೆ. ದೀಪ ಹಚ್ಚುವ ಹೊತ್ತಿಗೆ ಬಂದೆ.

ಮೇ 13

ಇವತ್ತು ಎಣ್ಣೆ ಹಾಕಲಿಲ್ಲ. ಅವಳು ಕರೆಯಲಿಲ್ಲ, ನಾನು ಹೋಗಲಿಲ್ಲ. ಸೂಡಿ ಜಾರಿ ಬೀಳುತ್ತಿತ್ತು. ನೋಡಿಯೂ ನೋಡದವನಂತೆ ಪೇಪರ್ ಓದಿದೆ.

ಮೇ 15, ಗುರುವಾರ

ಮುಖ ಊದಿಸಿಕೊಂಡು ನಾಲ್ಕು ದಿನ ಕಳೆದೆ. ಸಾಕಾಗಿ ಶ್ರೀಲತಾಳಿಗೆ ಫೋನ್ ಮಾಡಿದೆ. ಅಕ್ಕನಿಗೆ ಸ್ವಲ್ಪ ಬುದ್ಧಿ ಹೇಳು, ಮೊಣಕಾಲುದ್ದದ ಕೂದಲು, ಈಗ ಎಷ್ಟು ಆರೋಗ್ಯವಾಗಿದೆ, ಕತ್ತರಿಸುತ್ತಾಳಂತೆ ಎಂದೆ.

ಆ ಕಡೆ ಶ್ರೀಲತಾ ಎಷ್ಟು ನಕ್ಕಳೆಂದರೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ.

"ಭಾವ, ಕೂದ್ಲಲ್ದಾ? ಮತ್ತ್ ಬತ್ತ್ ಅಂತ ನೀವೇ ಅಕ್ಕನಿಗೆ ಹೇಳಿದ್ದಂಬ್ರಲ್ಲೆ?"

ನಾನು ಹಾಗೆ ಹೇಳಿದ್ದೇನೆಯೇ? ಇರಲಿಕ್ಕಿಲ್ಲ.

ನಕ್ಕು ಮುಗಿಸಿ, "ತಲಿ ಅಕ್ಕಂದ್ ಭಾವ," ಎಂದಳು. ಫೋನ್ ಇಟ್ಟಳು.

ಸಂಜೆ ಐದಕ್ಕೆ ಹೋಗಿ ಬಾಚಿಕೊಟ್ಟೆ. ಎರಡು ದಿನದ ಸಿಕ್ಕು ಬಿಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ಕೊನೆಗೆ ಕೇಳಿದೆ, "ಪಾರ್ಲರಿಗೆ ಯಾವತ್ತ್ ಹೋಪ?"

"ಪಾರ್ಲರ್ ಬ್ಯಾಡ. ನೀವ್ ಕತ್ತರ್ಸಿ."

ಮೇ 18, ಭಾನುವಾರ

ಶುಕ್ರವಾರ ಅಲ್ಲದಿದ್ದರೂ ಬೆಳ್ಳಿಯನ್ನು ಕೇಳಿಕೊಂಡು ಬೆಳಿಗ್ಗೆ ಅವಳ ಬಾವಿಯಿಂದ ಮೂರು ಕೊಡ ತಂದೆ. ಗೊಂಪು ಹಚ್ಚಿ ಮೀಯಿಸಿದೆ. ಬಿಸಿಲಿಗೆ ಚೆನ್ನಾಗಿ ಒಣಗಿಸಿದೆ. ಜಡೆ ಹಾಕಿ, ಭುಜದ ಕೆಳಗೆ ಎರಡು ಬೆರಳು ಬಿಟ್ಟು ಒಂದು ರಬ್ಬರ್, ತುದಿಯಲ್ಲಿ ಒಂದು ರಬ್ಬರ್ ಬಿಗಿದೆ. ಕಾಯಿಲೆಯವರಿಗೆ ವಿಗ್ ಮಾಡಿ ಕೊಡುವವರು ಇದ್ದಾರಂತೆ, ಅವರಿಗೆ ಕಳಿಸಲು ಹೀಗೆಯೇ ಕಟ್ಟಬೇಕೆಂದು ನಿಶ್ಮಿತಾ ಹೇಳಿಕೊಟ್ಟಿದ್ದಳು.

ಹೊಸ ಕತ್ತರಿ. ಆದರೂ ಒಂದೇ ಸಲಕ್ಕೆ ಆಗಲಿಲ್ಲ, ಅಷ್ಟು ದಪ್ಪ. ಕತ್ತರಿ ಜಾರಿ ಒಂದು ಬದಿಗೆ ಹೋಯಿತು.

"ಹ್ವಾಯ್, ಕೈ ಗಟ್ಟಿ ಹಿಡೀನಿ. ಓರೆ ಆತ್ತ್," ಎಂದಳು.

ಏಳು ಸಲ ಕತ್ತರಿಸಿದೆ. ಜಡೆ ನನ್ನ ಎಡಗೈಯಲ್ಲಿ ಉಳಿಯಿತು. ತೂಕ ಇತ್ತು. ಗುಲಾಬಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಹಗುರಾಯಿತು ಎಂದಳು. ಜಡೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಫ್ರಿಜ್ಜಿನ ಮೇಲಿನ ಚಾರ್ಟ್ ತೆಗೆದೆ. ಊಟ ಸೇರಲಿಲ್ಲ.

ಮೇ 20, ಮಂಗಳವಾರ

ಐದು ಗಂಟೆಗೆ ಗುಲಾಬಿ ತಾನಾಗಿ ಹೋಗಿ ಜಗಲಿಯಲ್ಲಿ ಕೂತಳು. ನಾನು ಅಡುಗೆಮನೆಯಲ್ಲಿ ಕೆಲಸವಿಲ್ಲದೆ ನಿಂತಿದ್ದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಇಷ್ಟು ಗಿಡ್ಡ ಕೂದಲು, ಐದು ನಿಮಿಷಕ್ಕೆ ಮುಗಿಸುತ್ತಾಳೆ ಎಂದುಕೊಂಡೆ. ಹತ್ತಾಯಿತು, ಹದಿನೈದಾಯಿತು, ಅವಳು ಒಳಗೆ ಬರಲಿಲ್ಲ. ಬಾಗಿಲವರೆಗೆ ಹೋಗಿ ಹಿಂದೆ ಬಂದೆ.

"ಹ್ವಾಯ್, ಒಳ್ಗೆ ಎಂತ ಮಾಡ್ತ್ರಿ? ಇಲ್ಲ್ ಬಂದ್ ಕೂಕಣಿ," ಎಂದು ಕರೆದಳು.

ಹೋಗಿ ಎಂದಿನಂತೆ ಅವಳ ಹಿಂದೆ ಸ್ಟೂಲ್ ಎಳೆದೆ.

"ಹಿಂದೆ ಅಲ್ಲ. ಇಲ್ಲ್." ಎದುರಿನ ಮೆಟ್ಟಿಲು ತೋರಿಸಿದಳು.

ಮೆಟ್ಟಿಲ ಮೇಲೆ ಕೂತೆ. ಮೂರು ತಿಂಗಳು ಇವಳ ನೆತ್ತಿ, ಕಿವಿ, ಕುತ್ತಿಗೆ ನೋಡಿದ್ದೇನೆ. ಬಾಚುವಾಗ ಕಣ್ಣು ಮುಚ್ಚುತ್ತಾಳೆ ಎಂದು ನನಗೆ ಇವತ್ತೇ ಗೊತ್ತಾದದ್ದು. ಹುಬ್ಬಿನ ನಡುವಿನ ಗೆರೆ ಆಗ ಇಲ್ಲವಾಗುತ್ತದೆ. ಕೂದಲನ್ನು ಒಂದು ಕಡೆಗೆ ತಂದು, ತುದಿಯಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತಾಳೆ. ಕೈ ಭುಜದ ಮಟ್ಟಕ್ಕೆ ಬಂದಾಗ ನೋವಾಗಿ ತುಟಿ ಕಚ್ಚಿದಳು. ಎದ್ದು ಬಾಚಣಿಗೆ ತೆಗೆದುಕೊಳ್ಳೋಣ ಎಂದು ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ತಂದು ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ.

ಅವಳು ಸ್ವಲ್ಪ ತಡೆದು, ತಲೆ ಇನ್ನಷ್ಟು ಬಾಗಿಸಿ, ಮತ್ತೆ ಬಾಚಿಕೊಂಡಳು. ಮುಗಿಸುವವರೆಗೂ ನಾನು ಅಲ್ಲೇ ಕೂತಿದ್ದೆ. ಮುಗಿದ ಮೇಲೂ ಇಬ್ಬರೂ ಏಳಲಿಲ್ಲ.